ಗ್ರಾಫ್‌ನಿಂದ ಅಳಿಸದ ಒಂದು ಚುಕ್ಕೆ

ಹುಬ್ಬಳ್ಳಿಯ ಒಂದು ಲ್ಯಾಬ್‌ನಲ್ಲಿ ಮೆಹಜಬೀನ್ ಎಂಬ ಹುಡುಗಿ ಪಿಎಚ್‌ಡಿ ಮಾಡುತ್ತಿದ್ದಳು.

ಮೊಣಕಾಲು ಬಾತವರ ಕೀಲಿನಿಂದ ಡಾಕ್ಟರು ಸಿರಿಂಜ್‌ನಲ್ಲಿ ನೀರು ತೆಗೆಯುತ್ತಾರಲ್ಲ... ಆ ನೀರನ್ನು ಪರೀಕ್ಷಿಸುವುದೇ ಅವಳ ಕೆಲಸ.

ಜೀವಕೋಶಗಳು ಆ ನೀರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಬಿಡುತ್ತವೆ. ಒಳಗೆ ಏನು ನಡೆಯುತ್ತಿದೆ ಎಂಬ ಸುಳಿವು ಆ ಗುಳ್ಳೆಗಳಲ್ಲಿರುತ್ತದೆ.

ಕೀಲು ಸವೆದು ಬಂದ ನೋವೋ? ಇಲ್ಲಾ ದೇಹವೇ ತನ್ನ ಕೀಲಿನ ಮೇಲೆ ದಾಳಿ ಮಾಡುವ ವಾತವೋ?... ಗುಳ್ಳೆ ನೋಡಿ ಹೇಳಬಹುದಾ ಎಂಬುದು ಅವಳ ಪ್ರಶ್ನೆ.

ಕೊನೆಗೂ ಗ್ರಾಫ್ ತಯಾರಾಯಿತು. ಒಬ್ಬೊಬ್ಬ ರೋಗಿಗೆ ಒಂದೊಂದು ಚುಕ್ಕೆ. ಸವೆತದ ಚುಕ್ಕೆಗಳು ಒಂದು ಕಡೆ, ವಾತದ ಚುಕ್ಕೆಗಳು ಇನ್ನೊಂದು ಕಡೆ... ಎಷ್ಟು ಚೆಂದ!

ಆದರೆ "ಸವೆತ" ಎಂದು ಗುರುತಿಸಿದ್ದ ಒಂದೇ ಒಂದು ಚುಕ್ಕೆ ಹೋಗಿ ವಾತದವರ ನಡುವೆ ಕೂತಿತ್ತು.

ಗೈಡ್ ಡಾ. ಬೆಣ್ಣೂರ ನೋಡಿ ಹೇಳಿದರು, "ಸ್ಯಾಂಪಲ್ ಕೆಟ್ಟಿರಬೇಕವಾ. ತೆಗೆದುಬಿಡು. ಪೇಪರ್ ಈ ವಾರನ ಜರ್ನಲ್‌ಗೆ ಕಳಿಸೋಣು."

ಮೆಹಜಬೀನ್ ತೆಗೆಯಲಿಲ್ಲ. ಉಳಿದಿದ್ದ ನೀರನ್ನು ಮತ್ತೆ ಪರೀಕ್ಷಿಸಿದಳು... ಚುಕ್ಕೆ ಅಲ್ಲೇ ಬಂತು.

"ಸರ್, ಸ್ಯಾಂಪಲ್ ಕೆಟ್ಟಿಲ್ರಿ. ಆ ಪೇಶಂಟ್‌ಗೆ ಹೇಳಿದ ರೋಗಾನ ತಪ್ಪಿರಬಹುದು."

"ನಮ್ಮ ಟೆಸ್ಟ್ ಇನ್ನೂ ಸಂಶೋಧನೆಯೊಳಗ ಐತಿ. ಇದನ್ನ ನಂಬಿ ಔಷಧ ಕೊಡಾಕ ಆಗೂದಿಲ್ಲ."

"ಔಷಧ ಬ್ಯಾಡ್ರಿ ಸರ್... ಆಸ್ಪತ್ರೆಯವರು ಕರೆಸಿ ಇನ್ನೊಮ್ಮೆ ತಪಾಸಣೆ ಮಾಡ್ಲಿ, ಅಷ್ಟ ಸಾಕು."

ಬೆಣ್ಣೂರ ಸರ್ ಅವಳ ಮುಖ ನೋಡಿದರು... ಆಸ್ಪತ್ರೆಗೆ ಫೋನ್ ಮಾಡಿದರು.

ಪೇಪರ್ ತಡವಾಯಿತು. ಸ್ಯಾಂಪಲ್ ಮೇಲೆ ಹೆಸರಿರಲಿಲ್ಲ, ಬರೀ ನಂಬರ್; ಆ ನಂಬರಿನ ಹಿಂದಿರುವುದು ಯಾರು ಎಂಬುದು ಮೆಹಜಬೀನ್‌ಗೆ ಗೊತ್ತಾಗಲೇ ಇಲ್ಲ.

ತಿಂಗಳುಗಳು ಉರುಳಿದವು...

ಒಂದು ಮಧ್ಯಾಹ್ನ ಬೆಣ್ಣೂರ ಸರ್ ಒಬ್ಬ ಹೆಂಗಸನ್ನು ಕರೆದುಕೊಂಡು ಲ್ಯಾಬ್‌ಗೆ ಬಂದರು. ಖಾಕಿ ಯೂನಿಫಾರ್ಮ್, ಹೆಗಲಿಗೆ ಚೀಲ... ಸಿಟಿ ಬಸ್ ಕಂಡಕ್ಟರ್.

"ಮೆಹಜಬೀನ್, ನಾನು ತೆಗಿ ಅಂದಿದ್ನಲ್ಲ... ಆ ಚುಕ್ಕಿ ಇವರಽ ನೋಡು. ನಿನ್ನ ನೋಡಬೇಕಂತ ಹಟ ಹಿಡಿದು ಬಂದಾರ."

ಆಕೆಯ ಹೆಸರು ರತ್ನವ್ವ ಹಾದಿಮನಿ.

"ನಿಂತು ನಿಂತು ಮೊಣಕಾಲು ಸವದಾವು ಅಂತ ಎಲ್ಲಾರೂ ಅಂದ್ರವಾ. ಮುಂಜಾನೆ ಎದ್ದರ ಬೆರಳು ಸುದ್ದಾ ಮಡಚ್ತಿರಲಿಲ್ಲ... ನಾನೂ ನನ್ನ ನಸೀಬು ಅಂದ್ಕೊಂಡು ನೌಕರಿ ಬಿಡಾಕ ತಯಾರಾಗಿದ್ದೆ."

ಮತ್ತೆ ಕರೆಸಿ ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಿದಾಗ ವಾತವೇ ಎಂದು ಖಚಿತವಾಗಿತ್ತು. ಬೇರೆ ಔಷಧ ಶುರುವಾಯಿತು. ಕೀಲು ಪೂರ್ತಿ ಹಾಳಾಗುವ ಮೊದಲೇ...

"ಈಗ ತುಂಬಿದ ಬಸ್ಸಿನ್ಯಾಗ ಹಿಂದಿನಿಂದ ಮುಂದಿನ ತನಕ ನಾನಽ ಹೋಗಿ ಟಿಕೆಟ್ ಕೊಡ್ತೀನವಾ!"

ಮೆಹಜಬೀನ್ ಎದ್ದು ಹತ್ತಿರ ಬಂದಳು. "ನಿಮ್ಮನ್ನ ನಾ ನೋಡೇ ಇರಲಿಲ್ರೀ ಅಕ್ಕಾ..." ಎಂದಳು.

ರತ್ನವ್ವ ಅವಳ ಎರಡೂ ಕೈ ಹಿಡಿದುಕೊಂಡಳು. "ನೋಡಿದವರು ಭಾಳ ಮಂದಿ ಇದ್ರು ತಾಯಿ... ಇನ್ನೊಮ್ಮೆ ನೋಡ್ರಿ ಅಂದಾಕಿ ನೀ ಒಬ್ಬಾಕಿನಽ."

ಇಬ್ಬರ ಕಣ್ಣಲ್ಲೂ ನೀರು... ಬೆಣ್ಣೂರ ಸರ್ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಗುಂಪಿಗೆ ಹೊಂದದವರನ್ನು ಅಳಿಸಬೇಡಿ... ಮೊದಲು ಇನ್ನೊಮ್ಮೆ ನೋಡಿ.

"ಇದೊಂದು ಬಿಟ್ಟರೆ ಎಲ್ಲಾ ಸರಿ ಇದೆ" ಅಂತ ನೀವು ಪಕ್ಕಕ್ಕೆ ಸರಿಸಿದ್ದು... ಯಾರನ್ನು?