ಕಿಟಕಿ ಇಲ್ಲದ ರೂಮು

"ರೂಮಿಗೆ ಕಿಟಕಿ ಇರ್ಬಾರ್ದು ಮೇಡಂ," ಎಂದ ಕದರಪ್ಪ. "ಇದ್ರೂ ಪೂರಾ ಮುಚ್ಚೋ ಹಂಗಿರ್ಬೇಕು."

ಅನುಷಾ ಕೀಬೋರ್ಡಿನಿಂದ ಕೈ ತೆಗೆದಳು. ಮಧುಗಿರಿ ಬಸ್ ನಿಲ್ದಾಣದ ಎದುರು ಅವಳದೊಂದು ಪುಟ್ಟ ಟ್ರಾವೆಲ್ಸ್ ಆಫೀಸು. ಬೆಂಗಳೂರಿನಲ್ಲಿ ರಾತ್ರಿ ಯಾವ ಏರಿಯಾ ಜೋರಾಗಿರುತ್ತದೆ ಎಂದು ಕಾಲೇಜು ಹುಡುಗರು ಬಂದು ಕೇಳುವುದು ಅವಳಿಗೆ ಹೊಸದಲ್ಲ. ಕೋರಮಂಗಲವೋ ಇಂದಿರಾನಗರವೋ ಎಂದು ಅವಳೆದುರೇ ಕಿತ್ತಾಡಿ, ಕೊನೆಗೆ ಅವಳನ್ನೇ ಪಂಚಾಯಿತಿಗೆ ಕರೆಯುತ್ತಿದ್ದರು. ಆದರೆ ಐವತ್ತು ದಾಟಿದ ರೈತನೊಬ್ಬ ಪಾವಗಡದ ಬಲಸಮುದ್ರದಿಂದ ಬಸ್ಸು ಹತ್ತಿ ಬಂದು ಅದನ್ನೇ ಕೇಳಿದ್ದು ಇದೇ ಮೊದಲು.

"ಎಷ್ಟು ಜನ ಹೋಗ್ತೀರಿ ಯಜಮಾನ್ರೇ?"

"ನಾನು, ಒಂದು ಹುಡ್ಗಿ."

"ಆ ಹುಡುಗಿ ನಿಮಗೇನಾಗಬೇಕು?"

ಕದರಪ್ಪ ಒಮ್ಮೆ ಬಾಗಿಲ ಕಡೆ ನೋಡಿದ. "ಮಗಳು. ಸಹನಾ ಅಂತ. ಹತ್ತೊಂಬತ್ತು ವರ್ಸ."

ಮಗಳು ಅನ್ನಲು ಅಷ್ಟು ಯೋಚನೆ ಬೇಕೇ? ಅನುಷಾಳ ಕಿವಿ ನೆಟ್ಟಗಾಯಿತು.

"ಅವಳ ವಯಸ್ಸಿನ ಹುಡುಗ್ರು ಹುಡ್ಗೀರು ರಾತ್ರಿಯೆಲ್ಲ ಓಡಾಡ್ಕಂಡಿರೋ ಜಾಗ ಬೇಕು. ಹೋಟ್ಲು, ಅಂಗಡಿ, ಹಾಡು, ಎಲ್ಲಾ ಇರ್ಬೇಕು. ಹೊತ್ತು ಹುಟ್ಟೋಕ್ ಮುಂಚೆ ರೂಮು ಸೇರ್ಕಂಬುಡ್ಬೇಕು, ಅಷ್ಟು ಹತ್ರ ಇರ್ಬೇಕು. ಬಲಸಮುದ್ರದಾಗೆ ಏನೈತೆ ಹೇಳಿ? ಹೊಲದ ತುಂಬ ಸೋಲಾರ್ ಪ್ಲೇಟು. ಎಂಟಕ್ಕೆಲ್ಲ ಊರೇ ಮಲಗ್ತದೆ. ಅಲ್ಲಿದ್ರೆ ಅವ್ಳಿಗೆ ಯಾರು ಸಿಕ್ತಾರೆ?"

"ಹಗಲು ಏನು ಮಾಡ್ತಾಳೆ?"

"ಹಗಲು ರೂಮಲ್ಲೇ ಇರ್ತಾಳೆ. ನಾನು ಹೊರಗೆ ಬುಡಲ್ಲ."

ಅನುಷಾಳ ಅನುಮಾನ ಬಲವಾಯಿತು. ಮುಖದಲ್ಲಿ ಮಾತ್ರ ನಗು ಉಳಿಸಿಕೊಂಡಳು. "ಒಂದ್ಸಲ ಅವಳನ್ನೇ ಕರ್ಕೊಂಡು ಬನ್ನಿ. ಏನಿಷ್ಟ ಅಂತ ನಾನೇ ಕೇಳ್ತೀನಿ."

"ಅದಾಗಲ್ಲ ಬುಡಿ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಗೋಡೆಯ ಕಡೆ ತಿರುಗಿ, ನಾನು ಬರೋವರೆಗೆ ಬಾಗಿಲು ತೆಗೀಬೇಡ ಎಂದು ತೆಲುಗಿನಲ್ಲಿ ಗದರಿದ. ಪಾವಗಡದ ಕಡೆಯ ಗಿರಾಕಿಗಳಿಂದ ಅಷ್ಟು ತೆಲುಗು ಅವಳಿಗೂ ಬರುತ್ತಿತ್ತು.

"ಇಷ್ಟು ಅವಸರ ಯಾಕೆ? ಬೇಸಿಗೆ ಕಳೆದ ಮೇಲೆ ಹೋಗಬಹುದಲ್ಲ?"

"ತಡ ಮಾಡಂಗಿಲ್ಲ ಕಣಮ್ಮ. ಇನ್ನೊಂದೆರಡು ವರ್ಸ ಹೋದ್ರೆ ಮುಖ ಪೂರಾ ಕೆಟ್ಟೋಗ್ತದೆ. ಆಮೇಲೆ ಅವ್ಳನ್ನ ಯಾರೂ ಹತ್ರ ಸೇರ್ಸಲ್ಲ." ಅವನು ದನಿ ತಗ್ಗಿಸಿದ. "ಲಾಡ್ಜಿನೋರಿಗೆ ಏನೂ ಹೇಳ್ಬ್ಯಾಡಿ. ತಿಳಿದ್ರೆ ರೂಮು ಕೊಡಲ್ಲ. ಹೋದ್ಸಲ ಹಂಗೇ ಆಯ್ತು."

ಹೋದ್ಸಲ! ಅನುಷಾಳ ಮೈ ಉರಿಯಿತು. ಅವಳ ಜೊತೆ ಓದುತ್ತಿದ್ದ ಸ್ಪಂದನಾಳನ್ನು ಕೆಲಸ ಕೊಡಿಸುತ್ತೇನೆಂದು ದೂರದ ಮಾವನೊಬ್ಬ ಪಟ್ಟಣಕ್ಕೆ ಕರೆದೊಯ್ದಿದ್ದ. ಕಾರು ಹತ್ತಿಸುವಾಗ ಬೀದಿಯವರೆಲ್ಲ ನೋಡುತ್ತ ನಿಂತಿದ್ದರು. ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ. ಸ್ಪಂದನಾ ಇವತ್ತಿಗೂ ಬಂದಿಲ್ಲ. ಈ ಹುಡುಗಿಗಾದರೂ ಹಾಗಾಗಬಾರದು ಎಂದು ಅನುಷಾ ಅಲ್ಲೇ ಕೂತು ನಿಶ್ಚಯಿಸಿದಳು.

ಕೋರಮಂಗಲದ ಹಿಂದಿನ ಬೀದಿಯೊಂದರಲ್ಲಿ ರೂಮು ನೋಡಿ ಗೊತ್ತುಮಾಡಿಕೊಟ್ಟಳು. ಹೊರಡುವ ದಿನ, ಗಾಡಿಯ ನಂಬರು, ಬರುವ ದಾರಿ, ಎಲ್ಲವನ್ನೂ ನಯವಾಗಿ ಕೇಳಿ ತಿಳಿದುಕೊಂಡಳು. ಕದರಪ್ಪ ಎರಡೂ ಕೈ ಜೋಡಿಸಿದ. "ನಿಮ್ ಹೊಟ್ಟೆ ತಣ್ಣಗಿರ್ಲಿ ತಾಯಿ," ಎನ್ನುವಾಗ ಅವನ ಕಣ್ಣಲ್ಲಿ ನೀರಿತ್ತು. ಎಂಥ ನಾಟಕ! ಅವನು ಮೆಟ್ಟಿಲಿಳಿದ ಕೂಡಲೇ ಅವಳು ಪೊಲೀಸರಿಗೆ ಫೋನು ಮಾಡಿದಳು.

ಶನಿವಾರ ಬೆಳಗಿನ ಜಾವ ಕೊರಟಗೆರೆಗೆ ಮುಂಚೆಯೇ ಅವರ ವ್ಯಾನು ಪೊಲೀಸರಿಗೆ ಸಿಕ್ಕಿತು. ಅದನ್ನು ಓಡಿಸುತ್ತಿದ್ದ ಕದರಪ್ಪನನ್ನು ಜೀಪಿನಲ್ಲಿ ಸ್ಟೇಷನ್ನಿಗೆ ಒಯ್ದರು. ಮಹಿಳಾ ಪೊಲೀಸ್ ಬಾರದೆ ಹುಡುಗಿಯನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ವ್ಯಾನು ರಸ್ತೆ ಬದಿಯಲ್ಲೇ ಉಳಿಯಿತು. ಕಾನ್‌ಸ್ಟೆಬಲ್ ಪಟಾಲಮ್ಮನ ಜೊತೆ ಅನುಷಾ ಅಲ್ಲಿಗೆ ತಲುಪುವಷ್ಟರಲ್ಲಿ ಬಿಸಿಲು ಏರಿ ಟಾರು ಮೆತ್ತಗಾಗುತ್ತಿತ್ತು.

ಕಾವಲಿದ್ದ ಪೇದೆ ಹುಣಸೆ ಮರದ ನೆರಳಿನಿಂದ ಎದ್ದು ಬಂದ. "ಅವ್ನು ಏನೇನೋ ಕಥೆ ಕಟ್ತಾವ್ನಂತೆ ಮೇಡಂ. ಸಿಕ್ಕಾಕ್ಕಂಡೋರೆಲ್ಲ ಕಟ್ತಾರೆ. ಹುಡ್ಗಿ ಕಂಬ್ಳಿ ಹೊದ್ಕಂಡ್ ಮಲಗವ್ಳೆ, ಕೂಗಿದ್ರೆ ಓಗೊಡ್ತಿಲ್ಲ."

ವ್ಯಾನಿನ ಗಾಜಿಗೆಲ್ಲ ಒಳಗಿನಿಂದ ಕಪ್ಪು ಬಟ್ಟೆ ಅಂಟಿಸಿತ್ತು. ಇನ್ನೇನು ಅನುಮಾನ! ಅನುಷಾ ಬಾಗಿಲು ಸರಿಸಿ ಕಂಬಳಿ ಎಳೆದಳು. ಹುಡುಗಿ ಕಿಟಾರನೆ ಕಿರುಚಿ ಮೂಲೆಗೆ ಮುದುರಿಕೊಂಡಳು. "ಬಾಗ್ಲು ಹಾಕಿ! ಬಾಗ್ಲು ಹಾಕಿ!"

ಪಾಪ, ಎಷ್ಟು ಹೆದರಿಸಿಟ್ಟಿದ್ದಾನೆ! ಅನುಷಾ ಒಳಗೆ ಬಗ್ಗಿದಳು. "ಹೆದರಬೇಡ ಕಣಮ್ಮ, ನಾನಿದೀನಿ. ಇನ್ನು ಅವನು ನಿನ್ನ ಮುಟ್ಟಲ್ಲ." ಅವಳನ್ನು ತಬ್ಬಿಕೊಂಡೇ ಹೊರಗೆಳೆದಳು. ಹುಡುಗಿ ಅವಳ ಭುಜಕ್ಕೆ ಮುಖ ಒತ್ತಿ ಬಿಕ್ಕುತ್ತ ಏನೋ ಹೇಳುತ್ತಿದ್ದಳು. ಲಾರಿಗಳ ಸದ್ದಿನಲ್ಲಿ ಒಂದೂ ತಿಳಿಯಲಿಲ್ಲ. ಮತ್ತೆ ಮತ್ತೆ ವ್ಯಾನಿನತ್ತಲೇ ಜಗ್ಗುತ್ತಿದ್ದಳು.

ಮುಖವೆತ್ತಿ ನೋಡಿದರೆ ಕೆನ್ನೆ, ಮೂಗು, ಹಣೆಯ ಮೇಲೆಲ್ಲ ಕಪ್ಪು ಕಲೆಗಳು. "ಬೀಡೀಲಿ ಸುಟ್ಟವ್ನೆ ಪಾಪಿ," ಎಂದಳು ಪಟಾಲಮ್ಮ, ಮೊಬೈಲು ತೆಗೆಯುತ್ತ. "ಸಾಕ್ಷಿಗೆ ಬೇಕಾಯ್ತದೆ. ಕೈ ಅಡ್ಡ ತರದಂಗೆ ಹಿಡ್ಕಳಿ ಮೇಡಂ, ಬೆಳಕಿನ ಕಡೆ ತಿರುಗ್ಸಿ."

ಅನುಷಾ ಅವಳ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು ಸೂರ್ಯನ ಕಡೆ ತಿರುಗಿಸಿ ನಿಲ್ಲಿಸಿದಳು. ಪಟಾಲಮ್ಮ ಆ ಪಕ್ಕದಿಂದ, ಈ ಪಕ್ಕದಿಂದ, ಸಾವಕಾಶವಾಗಿ ವಿಡಿಯೋ ತೆಗೆದಳು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿ ಒದ್ದಾಡಿದಳು, ಆಮೇಲೆ ಸೋತು ಸುಮ್ಮನಾದಳು. ಅವಳ ಕತ್ತು, ಕೆನ್ನೆ ನೋಡುನೋಡುತ್ತಿದ್ದಂತೆ ಕೆಂಪೇರಿ ಊದಿಕೊಳ್ಳತೊಡಗಿದವು. ಅನುಷಾ ಗಾಬರಿಯಿಂದ ಕೈ ಸಡಿಲಿಸಿದಳು.

"ಹುಟ್ಟಿದಾಗಿಂದ ನಂಗೆ ಬಿಸಿಲು ತಾಕ್ಬಾರ್ದು ಅಕ್ಕಾ, ತಾಕಿದ್ರೆ ಚರ್ಮ ಸುಟ್ಟು ಕ್ಯಾನ್ಸರ್ ಆಯ್ತದೆ," ಎಂದಳು ಸಹನಾ, ಕಣ್ಣು ತೆರೆಯದೆ. "ಅದಕ್ಕೇ ನಮ್ಮಪ್ಪ ರಾತ್ರಿಯೆಲ್ಲ ಜನ ಎದ್ದಿರೋ ಜಾಗ ಹುಡುಕ್ತಿದ್ದಿದ್ದು."