ಎಲುಬಿನ ಕೈಗಡ

ಗಂಡ ಬಸವಂತನ ಮಣ್ಣು ಮುಗಿದ ಮರುದಿನ ಬೆಳಿಗ್ಗೆ ಎಂದಿನಂತೆ ನಲ್ಲಿಗೆ ನೀರು ಬಂತು. ಕುಮುದಾ ಬಗ್ಗಿ ತುಂಬಿದ ಕೊಡ ಎತ್ತಿದಳು. ಅವಳ ಎಲುಬು ಟೊಳ್ಳಾದ ವರ್ಷ ಬಸವಂತ ಪಕ್ಕದ ಮನೆಯ ಮುದುಕಿ ನೀಲವ್ವನಿಂದ ಎಲುಬಿನ ಗಟ್ಟಿತನವನ್ನು ಹೆಂಡತಿಗಾಗಿ ಕೈಗಡ ತಂದಿದ್ದ. ಆ ಓಣಿಯಲ್ಲಿ ಹೆಪ್ಪಿಗೆ ಮೊಸರು ಕೇಳಿದಷ್ಟೇ ಸಲೀಸಾಗಿ ಅದನ್ನು ಕೇಳುತ್ತಿದ್ದರು. ಕೊಟ್ಟವರು ಬಾಯಿಬಿಟ್ಟು ಮರಳಿ ಕೇಳುವ ಪದ್ಧತಿಯಿರಲಿಲ್ಲ. ತಂದವನು ಸತ್ತರೆ ಕಡವೂ ಅವನೊಂದಿಗೇ ಮಣ್ಣಾಗುತ್ತಿತ್ತು.

ನಲ್ಲಿಯ ಬಳಿ ನೀಲವ್ವ ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು, ಸಣ್ಣ ತಂಬಿಗೆಯನ್ನು ಎದೆಗೊತ್ತಿ ಎತ್ತುತ್ತಿದ್ದಳು. ಯಾರೋ ಕೂಗಿದರೆ ಸೊಂಟ ತಿರುಚದೆ ಇಡೀ ಮೈಯನ್ನೇ ತಿರುಗಿಸಿದಳು.

ಕುಮುದಾ ಕೊಡವನ್ನು ಕೆಳಗಿಟ್ಟು ಎರಡೂ ಕೈ ಚಾಚಿದಳು.

“ಹಿಡೀರಿ, ಆಯಿ. ಅವರು ತಂದದ್ದು.”

“ಹುಚ್ಚಿ! ತಂದಾಂವನ ಹೋದ. ಇನ್ನ ಅದು ನಿಂದ. ಎಲ್ಲೆರ ಬಿದ್ದು ಮುರಕೊಂಡ್ರ ಎತ್ತಾವ್ರು ಯಾರದಾರ?”

“ನೀವು ಬಿದ್ರ ಯಾರದಾರ?”

ಮುದುಕಿ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. ಕುಮುದಾ ಅವಳ ಕೈ ಹಿಡಿದುಕೊಂಡಳು. ಅಂಗೈಗಳು ಬೆಚ್ಚಗಾಗಿ ಆರಿದವು.

“ನಡಿಯೂದು ಬಿಡಬ್ಯಾಡ ಮತ್ತ,” ಎಂದಳು ನೀಲವ್ವ. “ಕುಂತ್ರ ಎಲುಬು ಇನ್ನಷ್ಟು ಸವೀತಾವ. ಬಾ, ಕೆರಿತನಾ ಹೋಗಿ ಬರೂಣು.”

ಕುಮುದಾ ಗೋಡೆ ಹಿಡಿದು ಕಟ್ಟೆಯ ಮೇಲೆ ಕುಳಿತಳು. ಬಗ್ಗದೆ, ಒಂದೊಂದೇ ಕಾಲನ್ನು ಮೇಲೆತ್ತಿ, ಚಪ್ಪಲಿ ಹಾಕಿಕೊಂಡಳು.