ಹನ್ನೆರಡು ಗಂಟೆಯ ತಲೆಯೆಣಿಕೆ

ನಮ್ಮೂರಿನಲ್ಲಿ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಜನ. ತಲೆಯೆಣಿಕೆಯ ಹಿಂದಿನ ದಿನ ನಮ್ಮ ಮನೆಗೆ ಬಂದಿಳಿದ ಅಕ್ಕನ ಗಂಡ ಶ್ರೀಕಂಠ ಭಾವ ಸೇರಿದರೆ ಸರಿಯಾಗಿ ಒಂದು ಲಕ್ಷ. ಲಕ್ಷ ಮುಟ್ಟಿದ ಊರಿಗೆ ಮರುದಿನದಿಂದಲೇ ನಗರದ ದರ. ಬಾಡಿಗೆ, ಹಾಲು, ಕ್ಷೌರ, ಎಲ್ಲವೂ ಒಂದೂವರೆ ಪಟ್ಟು. ತಲೆಯೆಣಿಕೆ ಮಧ್ಯಾಹ್ನ ಹನ್ನೆರಡಕ್ಕೆ. ಆ ಹೊತ್ತಿಗೆ ಊರೊಳಗಿದ್ದವರೆಲ್ಲ ಲೆಕ್ಕಕ್ಕೆ ಸೇರುತ್ತಾರೆ.

ಹನ್ನೊಂದೂವರೆಗೆ ಬೀದಿಯವರೆಲ್ಲ ನಮ್ಮ ಜಗಲಿಯಲ್ಲಿದ್ದರು. ಆಟೋ ಕೂಡ ತರಿಸಿದ್ದರು.

“ವಾರಿಜಾ, ನಮ್ಮೆಲ್ಲರ ಬಾಡಿಗೆ ನಿನ್ನ ಕೈಲಿದೆ ಕಣೇ,” ಎಂದರು ಪಕ್ಕದ ಮನೆಯ ಪರಿಮಳಮ್ಮ.

“ನೆಂಟರಿಗೆ ಹೊರಡಿ ಅಂತ ಹೇಗೆ ಹೇಳ್ಲಿ?” ಎಂದೆ.

ಪುಣ್ಯಕ್ಕೆ ಭಾವನೇ ಚೀಲ ಹಿಡಿದು ಬಂದರು. “ಅಷ್ಟೂ ತಿಳಿಯಲ್ವೇನಮ್ಮ ನನಗೆ? ಬರ್ತೀನಿ,” ಎಂದು ಚಪ್ಪಲಿ ಮೆಟ್ಟಿದರು.

ಅವರು ಆಟೋ ಹತ್ತುವುದನ್ನು ನೋಡಿ ನನಗೆ ನಾಚಿಕೆಯಾಯಿತು. ಬಾಯಿ ತಾನಾಗಿಯೇ ಆಡಿತು: “ಅಯ್ಯೋ, ಹಾಗೇ ಹೋಗ್ತೀರಾ ಭಾವ? ಊಟ ಮಾಡ್ಕೊಂಡು ಹೋಗಿ.”

ಭಾವ ಇಳಿದು ಚಪ್ಪಲಿ ಬಿಟ್ಟರು. “ಇಷ್ಟು ಬಲವಂತ ಮಾಡಿದ ಮೇಲೆ ಇಲ್ಲ ಅನ್ನೋದು ಹೇಗೆ?”

ಬೀದಿಯವರೆಲ್ಲ ಗಡಿಯಾರ ನೋಡಿದರು; ಹನ್ನೆರಡಕ್ಕೆ ಹತ್ತೇ ನಿಮಿಷ. ಆಟೋದವನು ಎಂಜಿನ್ ಆರಿಸಿದ. ಕೊನೆಗೆ ಪರಿಮಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದರು.

“ಹಳೇ ದರದ ಅಕ್ಕಿ ಇವತ್ತೊಂದೇ ದಿನ. ನಮಗೂ ಎಲೆ ಹಾಕು.”